ಹೊರಡುವ ಮೊದಲು ನಿಲ್ಲಿಸುತ್ತಿದ್ದವಳು

ಮೊನ್ನೆ ಸೇಡಂ ಕಡೆಯಿಂದ ಬಂದ ನೆಂಟರೊಬ್ಬರು ಚಹಾ ಕುಡಿಯುತ್ತ ಕೂತವರು, ನಡುವೆ ಏನೋ ನೆನಪಾಗಿ, “ನಿಮ್ಮ ಎದುರು ಮನಿ ಸಾವಕಾರ್ತಿ ಹೋದ್ರಂತ್ರಿ” ಎಂದರು. ತುಂಬಿದ ವಯಸ್ಸು. ಊಟ ಮಾಡಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ನೆಂಟರು ಬಸಿ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರಿಗೆ ಹೇಗೆ ತಿಳಿಸಿ ಹೇಳಲಿ? ಆಕೆಯ ಸುದ್ದಿ ಬಂದ ಕೂಡಲೇ ನನ್ನ ಕಿವಿಯಲ್ಲಿ ಒಂದು ಹಳೆಯ ಕರಿ ಮೋಟಾರು ಕಿರ್‍ರೆಂದು ಬ್ರೇಕು ಹಾಕಿ ನಿಂತಿತ್ತು. ಅಳು ಬಂದದ್ದು ಆಮೇಲೆ, ನೆಂಟರು ಹೋದ ಮೇಲೆ.

ಊರಿಗೆಲ್ಲ ಆಕೆ ಸಾವಕಾರ್ತಿ, ನನಗೆ ಅಕ್ಕ. ನನ್ನ ಯಜಮಾನರು ಸೇಡಂ ಶಾಲೆಗೆ ಮಾಸ್ತರರಾಗಿ ಬಂದಾಗ ನನ್ನ ಮದುವೆಯ ಅರಿಸಿನ ಇನ್ನೂ ಮಾಸಿರಲಿಲ್ಲ. ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಕಾಲದ ರಜಾಕಾರರ ಹೆದರಿಕೆ ಅಡಗಿ, ಊರು ಮತ್ತೆ ನಿಶ್ಚಿಂತೆಯಿಂದ ಮಲಗಲು ಕಲಿಯುತ್ತಿದ್ದ ಕಾಲ. ನಮ್ಮ ಬಾಡಿಗೆ ಮನೆಯ ಎದುರಿಗೇ ಕಲ್ಲುಗಣಿ ಸಾವಕಾರರ ದೊಡ್ಡ ಮನೆ. ಗಣಿ ಇದ್ದದ್ದು ಶಹಾಬಾದಿನ ಹತ್ತಿರ. ಅಲ್ಲಿಯ ಹಾಸುಗಲ್ಲು ವಾಡಿಗೆ ಹೋಗಿ ರೈಲು ಹತ್ತುತ್ತಿತ್ತು. ಯಾವುದೋ ಜಾಗೀರದಾರರ ಮನೆಯವರು ಊರು ಬಿಡುವಾಗ ಮಾರಿದ ಮೋಟಾರನ್ನು ಅಕ್ಕನ ಗಂಡ ಕೊಂಡಿದ್ದರು. ಕೊಂಡು ಬಹಳ ದಿನ ಆಗಿರಲಿಲ್ಲ, ಗಣಿಯಲ್ಲಿ ಒಂದು ಕಲ್ಲು ಜಾರಿ ಅವರ ಎಡಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ಅದರ ಶಕ್ತಿ ಉಳಿಯಲಿಲ್ಲ. ಕ್ಲಚ್ಚು ತುಳಿಯಲು ಆಗದು, ಎತ್ತಿನ ಗಾಡಿಯ ಕುಲುಕಾಟವನ್ನೂ ಆ ಕಾಲು ತಡೆಯದು. ಮೋಟಾರು ಕೊಟ್ಟಿಗೆ ಸೇರಿತು, ಅದರ ಮೇಲೆ ಹತ್ತಿಕಾಳಿನ ಚೀಲ ಏರಿದವು. ಸಾವಕಾರರು ಪಡಸಾಲೆಯ ಗಾದಿ ಸೇರಿದರು.

ಗಾದಿಯಲ್ಲಿ ಕೂತ ಗಂಡಸಿನ ಮುಖ ಹೇಗೆ ದಿನದಿನಕ್ಕೆ ಇಳಿಯುತ್ತದೆ ಎಂಬುದನ್ನು ನಾನು ಎದುರು ಮನೆಯ ಕಟ್ಟೆಯಿಂದಲೇ ಕಂಡಿದ್ದೇನೆ. ಒಂದು ದಿನ ಅಕ್ಕ ಅವರ ಮುಂದೆ ನಿಂತು ಹೇಳಿದಳಂತೆ: “ಗಾಡಿ ಹೊಡೀಲಾಕ ಕಾಲ ಬೇಕಂತೀರಿ. ನನ್ನವು ಅದಾವಲ್ಲ? ನೀವು ಬಾಜೂಕ ಕುಂತು ಹೇಳ್ರಿ, ನಾ ತುಳೀತೀನಿ.”

ತೊಗರಿ ಕೊಯ್ದು ಖಾಲಿಯಾದ ಹೊಲದಲ್ಲಿ ಗಂಡ ಹೆಂಡಿರ ಪಾಠ ನಡೆಯಿತು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಸ್ಟೇರಿಂಗು. ಅರ್ಧ ಊರು ಬದುವಿನ ಮೇಲೆ ನಿಂತು ನೋಡಿತು, ಅದರಲ್ಲಿ ನಾನೂ ಇದ್ದೆ. ಮುಂದೆ ಗುಲ್ಬರ್ಗಕ್ಕೆ ಲೈಸೆನ್ಸಿಗೆ ಹೋದಾಗ ಅಲ್ಲಿಯ ಸಾಹೇಬರು ಸಾವಕಾರರನ್ನೇ ನೋಡುತ್ತ ಪ್ರಶ್ನೆ ಕೇಳಿದರಂತೆ, ಉತ್ತರ ಮಾತ್ರ ಸ್ಟೇರಿಂಗಿನ ಕಡೆಯಿಂದ ಬರುತ್ತಿತ್ತಂತೆ. ಕಡೆಗೆ ಸಾಹೇಬರು ಕತ್ತು ತಿರುಗಿಸಬೇಕಾಯಿತು, ಲೈಸೆನ್ಸೂ ಕೊಡಬೇಕಾಯಿತು. ಮರುವಾರದಿಂದ ಸಾವಕಾರರು ಮತ್ತೆ ಗಣಿಗೆ ಹೋಗತೊಡಗಿದರು. ಅವರ ಮೀಸೆ ಮತ್ತೆ ಮೇಲೆದ್ದಿತು.

ಅಕ್ಕ ಮೋಟಾರು ಹೊರಡಿಸುವುದೆಂದರೆ ಸಣ್ಣ ಪೂಜೆ ನಡೆದಂತೆ. ಲಿಂಗಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ ಹೊರಬಂದು ಗಾಡಿಯ ಸುತ್ತ ನಡೆಯುವಳು. ಜ್ವರ ನೋಡುವವರ ಹಾಗೆ ಒಂದೊಂದು ಟಾಯರಿನ ಮೇಲೂ ಅಂಗೈ ಇಡುವಳು. ಬಗ್ಗಿ ಕೆಳಗೆ ಇಣುಕಿ, ನಾಯಿ ಮಲಗಿದ್ದರೆ ಅದನ್ನು ಮರ್ಯಾದೆಯಿಂದ ಎಬ್ಬಿಸುವಳು. ರೇಡಿಯೇಟರಿಗೆ ಬಾವಿಯ ನೀರು ಮುಟ್ಟಿಸುತ್ತಿರಲಿಲ್ಲ. ನಮ್ಮ ಕಡೆಯ ನೀರು ನಿಮಗೆ ಗೊತ್ತಿರಬೇಕು, ನೆಲದಡಿ ಎಲ್ಲ ಸುಣ್ಣದ ಕಲ್ಲು. ಮಾಳಿಗೆಯಿಂದ ಬಿದ್ದ ಮಳೆನೀರನ್ನು ಹಂಡೆಯಲ್ಲಿ ಹಿಡಿದು, ಸೋಸಿ, ಮುಚ್ಚಿಟ್ಟು, ಅದನ್ನೇ ಹಾಕುವಳು. ಅತ್ತೆಗೆ ಸಿಟ್ಟು ಬಂತು. “ನಾವು ಮನಷ್ಯಾರು ಬಾವಿ ನೀರು ಕುಡೀಬೇಕು, ನಿನ್ನ ಗಾಡಿಗಿ ಗಂಗಾಜಲ ಏನು?” ಎಂದು ಕೇಳಿದರು. ಅಕ್ಕ ಒಳಗೆ ಹೋಗಿ ಸ್ನಾನದ ನೀರು ಕಾಯಿಸುವ ಹಂಡೆ ತಂದು ಮಗುಚಿ, ತಳಕ್ಕೆ ಕಟ್ಟಿದ ಬಿಳಿಯ ಹಕ್ಕಳೆ ತೋರಿಸಿದಳು. “ಇದು ಗಾಡಿ ಹೊಟ್ಟ್ಯಾಗ ಕಟ್ಟಿದ್ರ ಯಾವ ಚಮಚಾ ಹಾಕಿ ಕೆರೀಲಿ ಅತ್ತೀ?” ಅತ್ತೆ ಆಮೇಲೆ ತಮ್ಮ ಕುಡಿಯುವ ನೀರನ್ನೂ ಮಳೆನೀರಿನ ಹಂಡೆಯಿಂದಲೇ ತೆಗೆಯತೊಡಗಿದರು. ಅತ್ತೆ ಸೊಸೆಯರ ಜಗಳ ಹೀಗೆಯೇ ಮುಗಿಯುತ್ತಿತ್ತು, ಗೆದ್ದವರು ಯಾರೆಂದು ತಿಳಿಯುತ್ತಿರಲಿಲ್ಲ.

ದಾರಿಯಲ್ಲಿ ಎದುರಿಗೆ ಎತ್ತಿನ ಗಾಡಿ ಕಂಡರೆ ಅಕ್ಕ ಪಕ್ಕಕ್ಕೆ ಸರಿದು ಇಂಜಿನ್ನನ್ನೇ ಆರಿಸಿಬಿಡುವಳು. ಎತ್ತು ಬೆದರಿದರೆ ಅದನ್ನು ಬೈದು ಏನು ಉಪಯೋಗ ಎನ್ನುವಳು. ಸಂತೆಯ ದಿನವಾದರೆ ಇಂಥ ಗಾಡಿಗಳ ಸಾಲು ಮುಗಿಯುವ ತನಕ ನಾವು ಬೇವಿನ ಮರದ ಕೆಳಗೆ ಕೂತಿರಬೇಕು. ನಾನು ಚೇಷ್ಟೆ ಮಾಡಿದ್ದುಂಟು, “ಅಕ್ಕಾ, ನಡಕೋತ ಹೋಗಿದ್ರ ಇಷ್ಟೊತ್ತಿಗಿ ಮುಟ್ಟಿ ವಾಪಸ್ ಬರ್ತಿದ್ವಿ” ಎಂದು. “ಹಂಗಾದ್ರ ಇಳಿ, ನಡಿ. ನಾ ಹಿಂದಿಂದ ಬರ್ತೀನಿ” ಎನ್ನುವಳು. ನಾನು ಇಳಿದದ್ದಿಲ್ಲ.

ಆದರೆ ಊರು ನಕ್ಕದ್ದು ಇವಾವುದಕ್ಕೂ ಅಲ್ಲ. ಇಂಜಿನ್ ಚಾಲೂ ಮಾಡಿ, ಎಲ್ಲರೂ ಹತ್ತಿ ಕೂತು, ಕೈ ಮುಗಿದು ಮುಗಿಯಿತು ಎನ್ನುವಾಗ ಅಕ್ಕ ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ಬಿಟ್ಟು, ಅಂಗಳದ ಬಾಗಿಲಿನ ಒಳಗೇ, ಗಕ್ಕನೆ ಬ್ರೇಕು ಹಾಕುವಳು. ಕಿರ್‍ರ್‍ ಎಂದು ಇಡೀ ಓಣಿಗೆ ಕೇಳಿಸುವ ಹಾಗೆ ಗಾಡಿ ನಿಲ್ಲುವುದು. ನಾವು ಮುಂದಕ್ಕೆ ಮುಗ್ಗರಿಸುವೆವು. ಆಕೆ ತಲೆಯಾಡಿಸಿ, ಆಮೇಲೆ ಹೊರಡುವಳು. ದಿನಾ ಹೀಗೆಯೇ. ಯಾಕೆಂದು ಕೇಳಿದರೆ ಒಂದೇ ಮಾತು: “ಹೋಗೋ ಗಾಡಿ ಎಲ್ಲಾರ ಹತ್ರ ಅದ. ನಿಲ್ಲೋ ಗಾಡಿ ಅದನೋ ಇಲ್ಲೋ, ಅದು ಮನ್ಯಾಗೇ ನೋಡಬೇಕು.”

ಊರಿನ ನಗೆಗಿಂತ ಮನೆಯವರಿಗೆ ದೊಡ್ಡದಾಗಿದ್ದದ್ದು ಆ ಸಪ್ಪಳ. ಬಂಡಿ ಕಟ್ಟುವ ಮನೆಗಳ ಮರ್ಯಾದೆ ಚಕ್ರದಲ್ಲಿರುತ್ತದೆ. ಒಳ್ಳೆಯ ಮನೆಯ ಬಂಡಿ ಕಿರುಗುಟ್ಟಬಾರದು. ಕಿರುಗುಟ್ಟಿತೆಂದರೆ ಕೀಲಿಗೆ ಎಣ್ಣೆ ಹಾಕಿಸುವ ಗತಿಯಿಲ್ಲ, ಇಲ್ಲವೇ ಮನೆಯಲ್ಲಿ ಕೇಳುವವರಿಲ್ಲ ಎಂದು ಅರ್ಥ. ಅದರಲ್ಲೂ ಆ ಮನೆಯ ಹಿರಿಯ ಸಾವಕಾರರು, ಅಕ್ಕನ ಮಾವ, ಇಡೀ ತಾಲೂಕಿನಲ್ಲಿ ಸಪ್ಪಳವಿಲ್ಲದ ಬಂಡಿ ಓಡಿಸಿದವರು. ಅವರ ಅಂಗಳದಿಂದ ದಿನ ಬೆಳಗಾದರೆ ಈ ಕಿರ್‍ರ್‍! ಅವರು ಆ ಮೋಟಾರನ್ನು ಹತ್ತಿರಲೇ ಇಲ್ಲ. ಸೊಸೆ ಗಾಡಿ ಹೊಡೆಯುವುದನ್ನು ಕಂಡರೂ ಕಾಣದವರ ಹಾಗೆ ಪಡಸಾಲೆಯಲ್ಲಿ ಕತ್ತು ಆಚೆ ತಿರುಗಿಸಿ ಕೂಡುವರು.

ಒಂದು ದಿನ ಅವರು ಬಾಯಿ ಬಿಟ್ಟರು. ಚಿಂಚೋಳಿಯ ವ್ಯಾಪಾರಿಯೊಬ್ಬರು ಮೋಟಾರನ್ನು ಕೊಳ್ಳಲು ಬಂದು ಮನೆಯಲ್ಲಿ ಇಳಿದಿದ್ದರು. ಮಾರಿಬಿಡುವುದು, ಗಣಿಯನ್ನು ಅಣ್ಣತಮ್ಮಂದಿರ ಮಕ್ಕಳು ಯಾರಾದರೂ ನೋಡಿಕೊಳ್ಳುವುದು, ಮಗ ಮನೆಯಲ್ಲೇ ಆರಾಮ ಇರುವುದು, ಇದು ಹಿರಿಯರ ವಿಚಾರ. ಮಗ ನೆಲ ನೋಡುತ್ತ ಕೂತಿದ್ದರು. ಅವರ ಪಾಲಿಗೆ ಆರಾಮವೆಂದರೆ ಮತ್ತೆ ಆ ಗಾದಿ. ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದಳು.

“ಮಾವಾರೆ, ನೀವು ಒಮ್ಮೆರೆ ಕುಂತು ನೋಡ್ರಿ. ಆಮ್ಯಾಲ ಮಾರ್‍ರಿ.”

ಹಿರಿಯರು ರುಮಾಲು ತೆಗೆದು ತೊಡೆಯ ಮೇಲಿಟ್ಟರು. ಶಹಾಬಾದಿನ ಬೀಗರ ಮನೆಯಲ್ಲಿ ಮರುದಿನ ಒಂದು ನಿಶ್ಚಯದ ಕಾರ್ಯವಿತ್ತು. “ಆಯ್ತು. ನಾಳೆ ಶಹಾಬಾದಿಗಿ ನಿನ್ನ ಗಾಡ್ಯಾಗೇ ಬರ್ತೀನಿ. ಹ್ಯಾಂಗ ಹೋಗ್ತೀವಿ ಹಂಗ ವಾಪಸ್ ಬಂದ್ರ ಗಾಡಿ ನಿಂದು. ಎಲ್ಯಾರ ಎಡವಿತು ಅಂದ್ರ ಇವರು ಚಾವಿ ತಗೊಂಡು ಹೋಗ್ತಾರ” ಎಂದು ಚಿಂಚೋಳಿಯವರ ಕಡೆ ಕೈ ತೋರಿಸಿದರು. ನನ್ನ ತವರು ಶಹಾಬಾದು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ನನಗೊಂದು ಜಾಗ ಸಿಕ್ಕಿತು. ಹೀಗಾಗಿ ಮುಂದಿನದೆಲ್ಲ ಕಣ್ಣಾರೆ ಕಂಡದ್ದು.

ಮರುದಿನ ಬೆಳಿಗ್ಗೆ ಎಲ್ಲರೂ ಹತ್ತಿದೆವು. ಸಾವಕಾರರು, ಅತ್ತೆ, ನಾನು ಹಿಂದೆ. ಹಿರಿಯರು ಮುಂದೆ, ಅಕ್ಕನ ಪಕ್ಕ, ಹೊಸ ರುಮಾಲು ಸುತ್ತಿ, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಚಿಂಚೋಳಿಯವರು ಕಟ್ಟೆಯ ಮೇಲೆ ನಿಂತು ಎಲೆ ಅಡಿಕೆ ಹಾಕುತ್ತಿದ್ದರು. ಅಕ್ಕ ನಾಲ್ಕು ಹೆಜ್ಜೆ ಗಾಡಿ ಬಿಟ್ಟು ಬ್ರೇಕು ತುಳಿದಳು. ನಾನು ಅಭ್ಯಾಸದಂತೆ ಮುಂದಿನ ಸೀಟು ಹಿಡಿದುಕೊಂಡೆ. ಕಿರ್‍ರ್‍ ಇಲ್ಲ. ಮುಗ್ಗರಿಸುವುದೂ ಇಲ್ಲ. ಗಾಡಿ ಬೆಣ್ಣೆಯ ಮೇಲೆ ಹೋದ ಹಾಗೆ ಮೆತ್ತಗೆ, ಸಪ್ಪಳವಿಲ್ಲದೆ, ಹೋಗುತ್ತಲೇ ಇತ್ತು. ಅಕ್ಕ ಸ್ಟೇರಿಂಗು ತಿರುಗಿಸಿ ಇಂಜಿನ್ ಆರಿಸಿದಳು. ಗಾಡಿ ಅಂಗಳದ ಮೂಲೆಯ ಜೋಳದ ಕಣಿಕೆ ಬಣವೆಗೆ ಮೂತಿ ತೂರಿಸಿ ನಿಂತಿತು. ಬಣವೆಯ ತುದಿ ಜಾರಿ ಹಿರಿಯರ ಹೊಸ ರುಮಾಲಿನ ಮೇಲೆ ಬಿತ್ತು.

ಚಿಂಚೋಳಿಯವರು ಬಾಯಿಯ ಎಲೆ ಉಗುಳಿ ನಕ್ಕರು. “ಅಂಗಳಾನೂ ದಾಟ್ಲಿಲ್ಲಲ್ರಿ ಸಾವಕಾರ್‍ರ!”

ಹಿರಿಯರು ಕಣಿಕೆ ಕೊಡವುತ್ತ ಇಳಿದರು. “ಮುಗೀತು” ಎಂದರು, ಅಷ್ಟೇ. ಅತ್ತೆಯ ಆಚೆ ಕೂತಿದ್ದ ಅಕ್ಕನ ಗಂಡ ಕಣ್ಣು ಮುಚ್ಚಿಕೊಂಡರು. ಅವರ ಆ ಮುಖ ನನಗೆ ಈಗಲೂ ಕಾಣುತ್ತದೆ.

ಅಕ್ಕ ಇಳಿದು ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಬೆರಳು ತೂರಿಸಿ ತೆಗೆದು ಮೂಸಿದಳು. ಆ ವಾಸನೆ ನನ್ನವರೆಗೂ ಬಂತು. ಔಡಲೆಣ್ಣೆ! ಮನೆಯ ಬಂಡಿ ಹೊಡೆಯುವ ಮುದುಕ ಸಂಭ್ರಮದಿಂದ ಮುಂದೆ ಬಂದ. “ನಾನೇ ಹಾಕೀನ್ರಿ ಅಕ್ಕೋರೆ, ನಾಕೂ ಗಾಲಿಗಿ, ಸಂದ್ಯಾಗೆಲ್ಲ. ಇನ್ನ ಕಿರುಗುಡಂಗಿಲ್ಲ ನೋಡ್ರಿ!” ಪಾಪ, ಬಂಡಿಗೆ ಏನು ಮಾಡಬೇಕೋ ಅದನ್ನೇ ಅವನು ಮೋಟಾರಿಗೂ ಮಾಡಿದ್ದ. ಬ್ರೇಕು ಹಿಡಿಯುವ ಜಾಗಕ್ಕೆ ಎಣ್ಣೆ ಕುಡಿಸಿದರೆ ಅದು ಏನನ್ನು ಹಿಡಿದೀತು?

ಅಕ್ಕ ಅವನ ಮೇಲೆ ಸಿಟ್ಟಾಗಲಿಲ್ಲ. ಎದ್ದು ನಿಂತು ಮಾವನ ಕಡೆ ತಿರುಗಿದಳು. “ಮಾವಾರೆ, ಗಾಡಿ ತಪ್ಪು ಮಾಡ್ಯದ, ಖರೇ. ಅಂಗಳದಾಗ ಮಾಡ್ಯದ. ಅಂಗಳದಾಗೇ ಮಾಡ್ಲಿ ಅಂತ್ಹೇಳಿ ದಿನಾ ಇಲ್ಲಿ ನಿಲ್ಸಿ ನೋಡ್ತೀನಿ. ಕಾಗಿಣಾ ಹೊಳಿ ಇಳುಕಲದಾಗ ಮಾಡಿದ್ರ ನಾವು ಯಾರೂ ಈಗ ಮಾತಾಡ್ಲಾಕ ಇರ್ತಿದ್ದಿಲ್ಲ.”

ಆಗ ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ ಇಳಿದರು. “ಮುದುಕಗ ಹೇಳಿದಾಕಿ ನಾನು. ಬೀಗರ ಬಾಗಲಾಗ ನಮ್ಮ ಗಾಡಿ ಕಿರುಗುಟ್ಟಿದ್ರ ನನ್ನ ಸೊಸಿಗಿ ನಗ್ತಾರಂತ ಹಾಕಿಸೀನಿ. ಬೈಯೂದಿದ್ರ ನನಗ ಬೈರಿ” ಎಂದು ಗಂಡನೆದುರು ಸೆರಗು ಬಿಗಿದು ನಿಂತರು. ಹಂಡೆಯ ನೀರಿಗೆ ಜಗಳ ತೆಗೆದಿದ್ದ ಅದೇ ಅತ್ತೆ! ಸೊಸೆಯ ಗಾಡಿ ಉಳಿಯಲಿ ಎಂದು ಅವರು ಮಾಡಿಸಿದ ಕೆಲಸವೇ ಗಾಡಿಯನ್ನು ಕಳೆಯುವುದರಲ್ಲಿತ್ತು.

ಹಿರಿಯರು ಹೆಂಡತಿಯನ್ನು ನೋಡಿದರು, ಬಣವೆಯನ್ನು ನೋಡಿದರು, ಕಡೆಗೆ ಸೊಸೆಯನ್ನು ನೋಡಿದರು. “ಸರಿ ಮಾಡ್ತೀಯೇನು?”

“ಮಾಡ್ತೀನ್ರಿ. ಸರಿ ಆಗ್ಲಿಲ್ಲಂದ್ರ ನಾನೇ ಚಾವಿ ಕೊಡ್ತೀನಿ. ನಿಲ್ಲಲಾರದ ಗಾಡ್ಯಾಗ ನಿಮ್ಮನ್ನ ಕುಂದ್ರಸಂಗಿಲ್ಲ.”

ಕಣಿಕೆಯೆಲ್ಲ ಸರಿಸಿ, ಗಾಡಿಯನ್ನು ಎಲ್ಲರೂ ಸೇರಿ ಹಿಂದಕ್ಕೆ ನೂಕಿದೆವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರ ಬಿಚ್ಚತೊಡಗಿದಳು. ಸಾವಕಾರರು ಕುರ್ಚಿಯ ಮೇಲೆ ಕೂತು ಯಾವುದಾದ ಮೇಲೆ ಯಾವುದು ಎಂದು ಹೇಳುತ್ತಿದ್ದರು. ಅತ್ತೆ ಒಂದು ಹಳೆಯ ಸೀರೆಯನ್ನು ಪರಪರ ಹರಿದು ಕೊಟ್ಟರು. ಡಬ್ಬಿಯ ಪೆಟ್ರೋಲಿನಲ್ಲಿ ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನು ತೊಳೆದು, ಒರೆಸಿ, ಮತ್ತೆ ತೊಳೆದು, ಬಿಸಿಲಿಗೆ ಇಟ್ಟದ್ದಾಯಿತು. ಆಮೇಲೆ ಒರಟು ಕಲ್ಲಿನ ಚೂರಿನಿಂದ ಅವುಗಳ ಮೈ ಉಜ್ಜಬೇಕಿತ್ತು. ಕಲ್ಲಿಗೆ ಆ ಮನೆಯಲ್ಲಿ ಏನು ಬರ! ನನ್ನ ಕೈಗೂ ಒಂದು ಪಟ್ಟಿ ಬಂತು, ಉಜ್ಜಿದೆ. ಎಲ್ಲರಿಗಿಂತ ಹೆಚ್ಚು ಉಜ್ಜಿದವನು ಬಂಡಿಯ ಮುದುಕ, ಅವನ ಕಣ್ಣಲ್ಲಿ ನೀರು. “ಅಳಬ್ಯಾಡೋ ಎಪ್ಪಾ, ನೀ ಹಾಕಿದ್ದು ಒಳ್ಳೆ ಎಣ್ಣೀನೇ. ಎಷ್ಟು ತಿಕ್ಕಿದ್ರೂ ಹೋಗವಲ್ದು” ಎಂದು ಅಕ್ಕ ನಕ್ಕಳು.

ಬಿಸಿಲು ಏರಿದ ಮೇಲೆ ನಾವು ಮತ್ತೆ ಹತ್ತಿದೆವು. ಅಕ್ಕ ನಾಲ್ಕು ಹೆಜ್ಜೆ ಬಿಟ್ಟಳು, ಬ್ರೇಕು ಹಾಕಿದಳು. ಗಾಡಿ ಹಿಡಿಯಿತು, ಆದರೆ ಆಕೆ ತಲೆಯಾಡಿಸಲಿಲ್ಲ. ಹಿಂದೆ ತಂದು ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಕಿರ್‍ರ್‍! ನಾನು ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡೆ, ಅಂಥ ಸುಖದ ಪೆಟ್ಟು ನನಗೆ ಮತ್ತೆ ಬಿದ್ದಿಲ್ಲ. ಈಗ ಅಕ್ಕ ತಲೆಯಾಡಿಸಿದಳು.

ಚಿತ್ತಾಪುರ ದಾಟಿತು, ವಾಡಿ ದಾಟಿತು. ಹಿರಿಯರು ಸೀಟಿನ ಅಂಚು ಬಿಡಲಿಲ್ಲ. ಎದುರಿಗೆ ಬಂಡಿ ಬಂದಾಗ ಸೊಸೆ ಇಂಜಿನ್ ಆರಿಸುವುದನ್ನು ಓರೆಗಣ್ಣಿನಿಂದ ನೋಡಿದರು. ಬಂಡಿಯವನು ರುಮಾಲು ಮುಟ್ಟಿ, “ಶರಣ್ರಿ ಅಕ್ಕೋರೆ” ಎಂದು ಹೋದದ್ದನ್ನೂ ನೋಡಿದರು. ಶಹಾಬಾದಿನ ಈಚೆ ಕಾಗಿಣಾಕ್ಕೆ ಇಳಿಯುವ ಇಳುಕಲು ಬಂತು. ಅಕ್ಕ ಮೇಲೆಯೇ ಗೇರು ಇಳಿಸಿ ಮೆಲ್ಲಗೆ ಬಿಟ್ಟಳು. ಅರ್ಧ ಇಳಿದಿದ್ದೆವು. ತಿರುವಿನಾಚೆ ಹಾಸುಗಲ್ಲು ಹೇರಿದ ಬಂಡಿಯೊಂದು ಅಚ್ಚು ಮುರಿದು ದಾರಿಗೆ ಅಡ್ಡ ಕೂತಿತ್ತು, ಅದರ ಬಂಡಿಯವನು ಚಕ್ರದ ಕೆಳಗೆ ಬಗ್ಗಿದ್ದ. ಅತ್ತೆ ನನ್ನ ತೋಳು ಹಿಡಿದರು. ಅಕ್ಕ ಬ್ರೇಕು ಹಾಕಿದಳು.

ಆ ಕಿರುಗುಟ್ಟುವಿಕೆ ಹೊಳೆಯ ಆಚೆ ದಡಕ್ಕೆ ಕೇಳಿಸಿರಬೇಕು. ಬಂಡಿಯವನು ಬೆಚ್ಚಿ ತಲೆ ಎತ್ತಿದ. ಅವನಿಗೂ ನಮಗೂ ನಡುವೆ ಇನ್ನೊಂದು ಬಂಡಿ ನಿಲ್ಲುವಷ್ಟು ಜಾಗ ಉಳಿದಿತ್ತು.

ಹಿರಿಯರು ಇಳಿದು ಆ ಜಾಗದಲ್ಲಿ ನಡೆದರು. ಮುರಿದ ಬಂಡಿಯನ್ನು ನೋಡಿದರು, ಕೆಳಗೆ ಹರಿಯುವ ಹೊಳೆಯನ್ನು ನೋಡಿದರು, ತಿರುಗಿ ಬಂದು ಮೋಟಾರಿನ ಮುಂದಿನ ಚಕ್ರದ ಮೇಲೆ ಅಂಗೈ ಇಟ್ಟರು, ಸೊಸೆ ದಿನಾ ಇಡುವ ಹಾಗೆಯೇ. ಚಕ್ರ ಬಿಸಿಯಾಗಿತ್ತೋ ಏನೋ, ಕೈ ಹಿಂದೆ ತೆಗೆದು ಧೋತರಕ್ಕೆ ಒರೆಸಿಕೊಂಡರು. ಅಡ್ಡ ಬಿದ್ದ ಕಲ್ಲು ಸರಿಸಿ ದಾರಿ ಮಾಡುವ ತನಕ ಅವರು ಆ ಬಂಡಿಯವನ ಜೊತೆಗೇ ನಿಂತರು.

ಬೀಗರ ಬಾಗಿಲಲ್ಲಿ ಗಾಡಿ ಕಿರ್‍ರೆಂದು ನಿಂತಿತು. ನಾಲ್ಕು ಜನ ಹೊರಗೆ ಬಂದರು. ಬೀಗರು ನಗುತ್ತ, “ಏನ್ರಿ, ನಿಮ್ಮ ಮನ್ಯಾಗ ಎಣ್ಣಿ ತುಟ್ಟಿ ಆಗ್ಯದೇನು?” ಎಂದರು. ಅತ್ತೆಯ ಮುಖ ಕೆಂಪಾಯಿತು. ಹಿರಿಯರು ನಿಧಾನವಾಗಿ ಇಳಿದು, ರುಮಾಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: “ಬಂಡಿಗಿ ಎಣ್ಣಿ ಹಾಕ್ತೀವ್ರಿ. ಇದು ಮೋಟಾರ. ನಿಂತದ್ದು ಊರಿಗಿ ಗೊತ್ತಾಗಬೇಕು.”

ಅತ್ತೆ ನನ್ನ ತೊಡೆ ಚಿವುಟಿದರು. ಆ ಸಂತೋಷದ ಗುರುತು ಒಂದು ವಾರ ಇತ್ತು.

ಸಂಜೆ ಬೆಳಕಿರುವಾಗಲೇ ಸೇಡಂ ಮುಟ್ಟಿದೆವು. ಓಣಿಯ ಹುಡುಗರು ಕೇಕೆ ಹಾಕಿದರು. ಚಿಂಚೋಳಿಯವರು ಕಟ್ಟೆಯ ಮೇಲೆಯೇ ಇದ್ದರು, ಗಾಡಿಯ ಮೈಯನ್ನೆಲ್ಲ ಕಣ್ಣಿನಿಂದ ತಡವಿದರು, ಎಲ್ಲಿಯೂ ಏನೂ ಸಿಗಲಿಲ್ಲ. ಹಿರಿಯರು ಮೊದಲು ಬಂಡಿಯ ಮುದುಕನನ್ನು ಕರೆದು, “ಆ ಎಣ್ಣಿ ಗಿಂಡಿ ಎತ್ತಿನ ಕೊಟಗ್ಯಾಗ ಇಡು. ಇದರ ಹತ್ರ ತರಬ್ಯಾಡ” ಎಂದರು. ಆಮೇಲೆ ಅತಿಥಿಯ ಕಡೆ ತಿರುಗಿ ಕೈ ಮುಗಿದರು.

“ಗಾಡಿ ಮಾರಂಗಿಲ್ರಿ. ನಮ್ಮ ಮಗಗ ಗಣಿಗಿ ಹೋಗಲಾಕ ಬೇಕಾಗ್ಯದ. ನೀವು ಫಿಕರ್ ಮಾಡಬ್ಯಾಡ್ರಿ, ಮುಂಜಾನಿ ನಮ್ಮ ಸೊಸಿ ನಿಮ್ಮನ್ನ ಚಿಂಚೋಳಿಗಿ ಬಿಟ್ಟು ಬರ್ತಾಳ.”

ಮರುದಿನದ ಆ ಬೆಳಗನ್ನು ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡಿದೆ. ಹಾಲು ಒಲೆಯ ಮೇಲೆ ಉಕ್ಕಿ ಹೋಯಿತು, ಹೋಗಲಿ. ಚಿಂಚೋಳಿಯವರು ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಕೂತರು. ಸಾವಕಾರರು ಮುಂದೆ, ಮೀಸೆ ತೀಡುತ್ತ. ಅಕ್ಕ ಸುತ್ತು ಬಂದು, ಟಾಯರು ಮುಟ್ಟಿ, ನಾಯಿಯನ್ನು ಎಬ್ಬಿಸಿ, ಮಳೆನೀರು ತುಂಬಿ, ಹತ್ತಿ, ನಾಲ್ಕು ಹೆಜ್ಜೆ ಬಿಟ್ಟು, ಕಿರ್‍ರ್‍! ಚಿಂಚೋಳಿಯವರ ಟೊಪ್ಪಿಗೆ ಮುಂದಿನ ಸೀಟಿಗೆ ಹೋಯಿತು.

“ಎವ್ವಾ! ಇನ್ನಾ ಹೊಂಟೇ ಇಲ್ಲ, ನಿಲ್ಸಿದ್ರೇನು?” ಎಂದು ಅವರು ಕೂಗಿದರು.

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು, ಆದರೆ ಉತ್ತರ ಪಡಸಾಲೆಯಿಂದ ಬಂತು. ಇಷ್ಟು ದಿನ ಕತ್ತು ಆಚೆ ತಿರುಗಿಸಿ ಕೂಡುತ್ತಿದ್ದ ಹಿರಿಯರು ಕಟ್ಟೆಯ ಅಂಚಿಗೆ ಬಂದು ನಿಂತಿದ್ದರು, ಇಡೀ ಓಣಿಗೆ ಕೇಳಿಸುವ ದನಿಯಲ್ಲಿ ಹೇಳಿದರು:

“ನಿಲ್ತದೋ ಇಲ್ಲೋ ನೋಡ್ಲತ್ತಾಳ್ರಿ! ನಿಂತದಲ್ಲ, ಇನ್ನ ನನ್ನ ಸೊಸಿ ಎಲ್ಲಿಗಿ ಬೇಕಾದ್ರೂ ಹೋಗ್ತಾಳ!”